ಫೇರೋಗಳ ಕೊರಳಹಾರಕ್ಕೆ ಗಾಜಿನ ಮಣಿ ಹಾಕಿದರೆ ಮೋಸವಾ?

ಪ್ರಶ್ನೆ: ನಾನು ಮನೆಯಲ್ಲೇ ಮಣಿಸರ ಮಾಡಿ ಮಾರುತ್ತೇನೆ. ಒಬ್ಬ ಗ್ರಾಹಕರು ಈಜಿಪ್ಟಿನ ಫೇರೋ, ಅಂದರೆ ಹಳೆಯ ಕಾಲದ ರಾಜ, ಟುಟಾಂಖಾಮನ್ ಫೋಟೋ ಕಳಿಸಿ, ಎದೆ ತುಂಬಾ ಕೂರುವ ಆ ಥರದ ಅಗಲ ಹಾರ ಬೇಕು ಅಂದಿದ್ದಾರೆ. ನಿಜವಾದ ಕಲ್ಲು ಹಾಕಿದರೆ ಬೆಲೆ ಕೈಗೆಟುಕುವುದಿಲ್ಲ. ಗಾಜು ಹಾಕಿದರೆ ನಕಲಿ ಅನ್ನಿಸಿಕೊಳ್ಳುತ್ತದಾ? ಪ್ರಯೋಗಕ್ಕೆ ಒಂದು ಮಾಡಿ ನೋಡಿದೆ. ಅದು ಸಪಾಟಾಗಿ ಕೂರದೆ ಅಂಚು ಮೇಲೆದ್ದು ಸುರುಳಿಕೊಂಡಿತು. ಫೇಯನ್ಸ್ ಅನ್ನುವ ನೀಲಿ ಮಣಿಯನ್ನು ಮನೆಯಲ್ಲೇ ಮಾಡಬಹುದಾ? ಆನ್‌ಲೈನ್‌ನಲ್ಲಿ ‘ಮಮ್ಮಿ ಮಣಿ’ ಅಂತ ಹಳೆಯ ಮಣಿ ಮಾರುತ್ತಾರೆ, ಕೊಳ್ಳಬಹುದಾ? ನಮ್ಮತ್ತೆ ಬೇರೆ, ‘ಹೆಣದ ಮೇಲಿನ ಒಡವೆ ಮಾಡ್ತೀಯಲ್ಲೇ’ ಅಂತ ದಿನಾ ಗೊಣಗುತ್ತಾರೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಗಾಜಿನ ವಿಷಯ ಮುಗಿಸೋಣ. ನಿಮ್ಮ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ನಿಮ್ಮ ಗ್ರಾಹಕರು ಕಳಿಸಿದ್ದು ಆ ಪ್ರಸಿದ್ಧ ಚಿನ್ನದ ಮುಖವಾಡದ ಫೋಟೋ ಇರಬೇಕು. ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ 1922ರ ನವೆಂಬರಿನಲ್ಲಿ ಪತ್ತೆ ಮಾಡಿದ ಗೋರಿಯಲ್ಲಿ ಸಿಕ್ಕಿದ್ದು. ಅದರ ಹುಬ್ಬು ಲಾಪಿಸ್ ಲಾಜುಲಿ, ಕಡುನೀಲಿ ಬಣ್ಣದ ನಿಜವಾದ ಕಲ್ಲು. ಆದರೆ ತಲೆವಸ್ತ್ರದ ಮೇಲೆ ಎದ್ದು ಕಾಣುವ ನೀಲಿ ಪಟ್ಟೆಗಳಿವೆಯಲ್ಲ, ಅವು ಗಾಜು. ಎದೆಯ ಮೇಲಿನ ಹಾರದ ಭಾಗದಲ್ಲೂ ಕಲ್ಲು ಮತ್ತು ಬಣ್ಣದ ಗಾಜು ಬೆರೆತಿವೆ. ಅದೇ ಗೋರಿಯ ಬೇರೆ ಒಡವೆಗಳಲ್ಲಿ ಇನ್ನೊಂದು ಜಾಣತನ ಕಾಣುತ್ತದೆ. ಕೆಂಪು ಕಲ್ಲು ಇರಬೇಕಾದ ಕೆಲವು ಕಡೆ ಬಣ್ಣವಿಲ್ಲದ ಪಾರದರ್ಶಕ ಕಲ್ಲು ಇಟ್ಟು, ಅದರ ಅಡಿಗೆ ಕೆಂಪು ಬಣ್ಣದ ಅಂಟು ಹಾಕಿದ್ದಾರೆ. ಮೇಲಿನಿಂದ ನೋಡಿದರೆ ಕೆಂಪು ಕಲ್ಲೇ!

ರಾಜನಿಗೆ ಕಲ್ಲಿಗೆ ಬಡತನ ಇರಲಿಲ್ಲ. ಈಜಿಪ್ಟಿನಲ್ಲಿ ಗಾಜು ಮಾಡುವ ಕೆಲಸ ಗಟ್ಟಿಯಾಗಿ ನೆಲೆಯೂರಿದ್ದೇ ಕ್ರಿ.ಪೂ. 1500ರ ಆಸುಪಾಸಿನಲ್ಲಿ. ಟುಟಾಂಖಾಮನ್ ಬಂದದ್ದು ಅದಾಗಿ ಇನ್ನೂರು ವರ್ಷದೊಳಗೆ. ಆಗ ಗಾಜು ಅಂದರೆ ಅರಮನೆಗೆ ಸಲ್ಲುವ ಸರಕು. ಇವತ್ತು ನಾವು ಬಾಟಲಿ, ಕಿಟಕಿ, ಬಳೆ ಎಲ್ಲದರಲ್ಲೂ ಗಾಜು ನೋಡಿ ನೋಡಿ ಅದನ್ನು ಅಗ್ಗ ಮಾಡಿಕೊಂಡಿದ್ದೇವೆ, ಅಷ್ಟೇ. ಆದರೂ ಅವರ ಬರಹಗಳಲ್ಲಿ ‘ನಿಜ ಲಾಪಿಸ್’ ಮತ್ತು ‘ಮಾಡಿದ ಲಾಪಿಸ್’ ಎಂದು ಬೇರೆ ಬೇರೆಯಾಗಿಯೇ ಹೆಸರಿಸುತ್ತಿದ್ದರು. ನೀವೂ ಅಷ್ಟೇ ಮಾಡಿ. ಚೀಟಿಯ ಮೇಲೆ ‘ಗಾಜಿನ ಮಣಿ’ ಅಂತ ಬರೆಯಿರಿ. ಬರೆಯದೆ ಬಿಟ್ಟರೆ ಮಾತ್ರ ಮೋಸ.

ಇನ್ನು ಫೇಯನ್ಸ್. ನೀಲಿ-ಹಸಿರು ಹೊಳಪಿನ ಆ ಮಣಿ ಗಾಜಿಗಿಂತ ಎಷ್ಟೋ ಹಳೆಯದು. ಫೇರೋಗಳ ಕಾಲ ಶುರುವಾಗುವ ಮೊದಲೇ ಅಲ್ಲಿ ಅದನ್ನು ಮಾಡುತ್ತಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಾಹ್ ಎಂಬಾತನ ಅಗಲ ಹಾರ ಇದೆ. ಈತ ರಾಜನಲ್ಲ, ದೊಡ್ಡ ಅಧಿಕಾರಿಯೊಬ್ಬನ ಉಗ್ರಾಣದ ಮೇಲ್ವಿಚಾರಕ. ಕ್ರಿ.ಪೂ. 2000ದ ಆಸುಪಾಸಿನವನು. 1920ರಲ್ಲಿ ಅವನ ಮಮ್ಮಿ ಸಿಕ್ಕಿದಾಗ ಬಟ್ಟೆ ಬಿಚ್ಚದೆ ಹಾಗೇ ಇಟ್ಟಿದ್ದರು. ಸುಮಾರು ಎರಡು ದಶಕದ ಮೇಲೆ ಎಕ್ಸ್-ರೇ ತೆಗೆದಾಗ ಒಳಗೆ ಒಡವೆ ಇರುವುದು ಗೊತ್ತಾಯಿತು. ಆ ಹಾರದ ಮಣಿಯೆಲ್ಲ ಫೇಯನ್ಸ್. ಒಂದು ಬೆಲೆಬಾಳುವ ಕಲ್ಲೂ ಅದರಲ್ಲಿಲ್ಲ. ನನ್ನ ಕೇಳಿದರೆ, ಚಿನ್ನದ ಎಷ್ಟೋ ಹಾರಗಳಿಗಿಂತ ಅದೇ ಚೆಂದ. ಒಂದೇ ಬಣ್ಣ, ಒಂದೇ ಆಕಾರದ ಮಣಿ, ಸಾಲು ಮೇಲೆ ಸಾಲು. ನಿಮ್ಮ ಮೊದಲ ದೊಡ್ಡ ಹಾರಕ್ಕೆ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ.

ಹಾಗಿದ್ದರೂ ಕಲ್ಲು ಬೇಕೇ ಬೇಕು ಅನ್ನುವ ಗ್ರಾಹಕರು ಇರುತ್ತಾರೆ. ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ಈಜಿಪ್ಟಿನವರು ಹೆಚ್ಚು ಬಳಸಿದ್ದು ಮೂರು ಕಲ್ಲು. ಕಡುನೀಲಿ ಲಾಪಿಸ್ ಅವರ ನೆಲದಲ್ಲಿ ಸಿಗುತ್ತಿರಲಿಲ್ಲ. ಇವತ್ತಿನ ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಿಂದ ಕೈಯಿಂದ ಕೈಗೆ ದಾಟಿ, ಸಾವಿರಾರು ಕಿಲೋಮೀಟರ್ ಬರುತ್ತಿತ್ತು. ತಿಳಿನೀಲಿಯ ಟರ್ಕಾಯ್ಸ್, ಅಂದರೆ ಅಂಗಡಿಯವರು ಫಿರೋಜಾ ಅನ್ನುವ ಕಲ್ಲು, ಸಿನಾಯ್‌ನ ಸೆರಾಬಿತ್ ಎಲ್-ಖಾದಿಮ್ ಮತ್ತು ವಾದಿ ಮಘಾರಾ ಗಣಿಗಳದ್ದು. ಕೆಂಪು ಕಾರ್ನೀಲಿಯನ್ ಅವರ ಪೂರ್ವ ಮರುಭೂಮಿಯಲ್ಲೇ ಸಿಗುತ್ತಿತ್ತು. ಇವುಗಳ ಜೊತೆಗೆ ಹಸಿರು ಫೆಲ್ಡ್‌ಸ್ಪಾರ್, ಜ್ಯಾಸ್ಪರ್, ಗಾರ್ನೆಟ್. ಒಂದು ಕಾಲದಲ್ಲಿ ವಾದಿ ಎಲ್-ಹುದಿಯ ನೇರಳೆ ಅಮೆಥಿಸ್ಟ್‌ಗೂ ಭಾರಿ ಮೋಹ ಇತ್ತು. ಎಲ್ಲಕ್ಕಿಂತ ವಿಚಿತ್ರ ಅಂದರೆ ಗೆರ್ಜೆ ಎಂಬಲ್ಲಿ 1911ರಲ್ಲಿ ಸಿಕ್ಕ ಕಬ್ಬಿಣದ ಮಣಿಗಳು. ಕ್ರಿ.ಪೂ. 3200ರ ಸುಮಾರಿನವು. ಕಬ್ಬಿಣ ಕರಗಿಸಲು ಯಾರಿಗೂ ಬಾರದಿದ್ದ ಕಾಲ ಅದು. ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವನ್ನು ಬಡಿದು ತಗಡು ಮಾಡಿ, ಸುರುಳಿ ಸುತ್ತಿ ಕೊಳವೆಮಣಿ ಮಾಡಿದ್ದಾರೆ. ಅದನ್ನು ಚಿನ್ನ, ಲಾಪಿಸ್, ಕಾರ್ನೀಲಿಯನ್ ಜೊತೆ ಪೋಣಿಸಿದ್ದರು.

ಇವತ್ತಿನ ಮಾರುಕಟ್ಟೆಯಲ್ಲಿ ಹುಷಾರಾಗಿರಬೇಕಾದದ್ದು ಟರ್ಕಾಯ್ಸ್ ವಿಷಯದಲ್ಲಿ. ಅಗ್ಗಕ್ಕೆ ಸಿಗುವುದರಲ್ಲಿ ಬಹುಪಾಲು ಬಣ್ಣ ಕುಡಿಸಿದ ಹೌಲೈಟ್ ಅಥವಾ ಮ್ಯಾಗ್ನೆಸೈಟ್. ಎರಡೂ ಹುಟ್ಟಾ ಬಿಳಿ ಕಲ್ಲು. ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಹತ್ತಿ ಅದ್ದಿ, ಮಣಿಯ ತೂತಿನ ಹತ್ತಿರ ಒರೆಸಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದಾರೆ ಅಂತಲೇ ಅರ್ಥ. ಆಗದಿದ್ದರೂ ನಿಶ್ಚಿಂತೆ ಬೇಡ, ಮೇಲೆ ಮೇಣ ಅಥವಾ ಅಂಟಿನ ಪದರ ಇದ್ದರೆ ಬಣ್ಣ ಬಿಡುವುದಿಲ್ಲ. ಒಡೆದ ಮಣಿ ಒಂದನ್ನು ಕೇಳಿ ಪಡೆದು ಒಳಗೆ ನೋಡಿ. ಲಾಪಿಸ್‌ನಲ್ಲಿ ಚಿನ್ನದ ಬಣ್ಣದ ಸಣ್ಣ ಚುಕ್ಕೆಗಳಿರುತ್ತವೆ, ಅದು ಪೈರೈಟ್. ಅಲ್ಲಲ್ಲಿ ಬಿಳಿ ಮಚ್ಚೆ ಇದ್ದರೆ ಕ್ಯಾಲ್ಸೈಟ್. ಒಂದು ಮಚ್ಚೆಯೂ ಇಲ್ಲದೆ ಸರದ ಎಲ್ಲಾ ಮಣಿ ಒಂದೇ ಕಡುನೀಲಿ ಇದ್ದು, ಬೆಲೆಯೂ ಕಡಿಮೆ ಇದ್ದರೆ ಅನುಮಾನ ಪಡಿ. ಬಣ್ಣ ಹಾಕಿದ ಜ್ಯಾಸ್ಪರನ್ನು ಹಾಗೆ ಮಾರುತ್ತಾರೆ.

ಕಾರ್ನೀಲಿಯನ್ ಮಾತ್ರ ನಮ್ಮ ದೇಶದ್ದೇ ಒಳ್ಳೆಯದು ಸಿಗುತ್ತದೆ. ಗುಜರಾತಿನ ಖಂಭಾತ್‌ನಲ್ಲಿ ಈ ಮಣಿ ಕೆಲಸ ಬಹಳ ಪುರಾತನ. ಕಲ್ಲನ್ನು ಬಿಸಿ ಮಾಡಿದರೆ ಅದರಲ್ಲಿನ ಕಬ್ಬಿಣದ ಅಂಶದಿಂದ ಕೆಂಪು ಏರುತ್ತದೆ. ಇದು ಬಣ್ಣ ಹಾಕಿದ ಹಾಗಲ್ಲ, ಎಲ್ಲರೂ ಒಪ್ಪಿಕೊಂಡ ಹಳೆಯ ಪದ್ಧತಿ. ಅಲ್ಲಿ ಕಲ್ಲು ಅರೆಯುವವರಿಗೆ ಸಿಲಿಕೋಸಿಸ್ ಕಾಯಿಲೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಕಟ. ಕಲ್ಲಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಸೇರಿ ಉಸಿರೇ ಕಟ್ಟಿಸುತ್ತದೆ. ಧೂಳು ಹೀರುವ ಯಂತ್ರ ಇಟ್ಟಿದ್ದಾರಾ ಅಂತ ನಿಮಗೆ ಮಣಿ ತಂದುಕೊಡುವವರನ್ನು ಒಂದು ಮಾತು ಕೇಳಿ.

ಗಟ್ಟಿತನದ ವ್ಯತ್ಯಾಸವನ್ನೂ ಮರೆಯಬೇಡಿ. ಮೋಹ್ಸ್ ಅಳತೆಯಲ್ಲಿ (ಅಂಕಿ ಹೆಚ್ಚಾದಷ್ಟೂ ಕಲ್ಲು ಗಟ್ಟಿ) ಕಾರ್ನೀಲಿಯನ್ 6.5ರಿಂದ 7. ಲಾಪಿಸ್ 5ರಿಂದ 5.5. ಟರ್ಕಾಯ್ಸ್ 5ರಿಂದ 6. ಒಂದೇ ಎಳೆಯಲ್ಲಿ ಪಕ್ಕಪಕ್ಕ ಹಾಕಿದರೆ ಕಾರ್ನೀಲಿಯನ್ ಉಳಿದೆರಡನ್ನು ತಿಕ್ಕಿ ತಿಕ್ಕಿ ಮಂಕು ಮಾಡುತ್ತದೆ. ನಡುವೆ ಚಿನ್ನದ ಬಣ್ಣದ ಸಣ್ಣ ಲೋಹದ ಮಣಿ ಹಾಕಿ. ಪೆಟ್ಟೂ ತಪ್ಪುತ್ತದೆ, ನೋಟವೂ ಈಜಿಪ್ಟಿನದೇ ಆಗುತ್ತದೆ. ಟರ್ಕಾಯ್ಸ್ ಸರಕ್ಕೆ ಸೆಂಟು, ಎಣ್ಣೆ ತಾಗದಿರಲಿ ಅಂತ ಗ್ರಾಹಕರಿಗೆ ಹೇಳಿ. ಆ ಕಲ್ಲು ಎಲ್ಲವನ್ನೂ ಹೀರಿ ಹಸಿರಾಗುತ್ತದೆ.

ಈಗ ನಿಜವಾದ ಸಮಸ್ಯೆಗೆ ಬರುತ್ತೇನೆ. ನಿಮ್ಮ ಹಾರ ಸುರುಳಿಕೊಂಡಿತಲ್ಲ, ಅದು. ಈಜಿಪ್ಟ್ ಶೈಲಿ ಅಂತ ಅಂಗಡಿಗಳಲ್ಲಿ ತೂಗು ಹಾಕಿರುವ ಒಡವೆಗಳಲ್ಲಿ ಬಹುಪಾಲು ಏನಿರುತ್ತದೆ? ಒಂದು ಜೀರುಂಡೆ, ಒಂದು ಕಣ್ಣು, ಒಂದು ಪಿರಮಿಡ್ ಪೆಂಡೆಂಟು. ಅದನ್ನು ಸಾಮಾನ್ಯ ಸರಕ್ಕೆ ನೇತುಹಾಕಿದರೆ ಆಯಿತು. ನನಗೆ ಅದು ರುಚಿಸುವುದಿಲ್ಲ. ಅವರ ಅಗಲ ಹಾರದ, ಅಂದರೆ ವೆಸೆಖ್‌ನ ಗುಟ್ಟು ಪೋಣಿಸುವ ಕ್ರಮದಲ್ಲಿದೆ. ನಾವು ಕೊಳವೆಮಣಿಯನ್ನು ದಾರದ ಉದ್ದಕ್ಕೆ ಮಲಗಿಸಿ ಪೋಣಿಸುತ್ತೇವೆ. ಅವರು ಅದನ್ನು ನಿಲ್ಲಿಸುತ್ತಿದ್ದರು. ಕೊಳವೆಗಳು ಬೇಲಿಯ ಗೂಟದಂತೆ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲುತ್ತವೆ. ಅವುಗಳ ಮೇಲ್ತುದಿಯಲ್ಲಿ ಒಂದು ದಾರ, ಕೆಳತುದಿಯಲ್ಲಿ ಒಂದು ದಾರ ಅಡ್ಡಕ್ಕೆ ಹೋಗುತ್ತದೆ. ಸಾಲುಗಳ ದಾರಗಳೆಲ್ಲ ಎರಡೂ ಭುಜದ ಹತ್ತಿರ ಒಂದೊಂದು ತುದಿಬಿಲ್ಲೆಗೆ ಸೇರುತ್ತವೆ. ಆ ಬಿಲ್ಲೆ ಅರ್ಧಚಂದ್ರದ ಆಕಾರದ್ದು, ಇಲ್ಲವೇ ಗಿಡುಗನ ತಲೆಯದ್ದು. ಕೊನೆಯ ಸಾಲಿಗೆ ಹನಿಯಾಕಾರದ ಮಣಿಗಳ ಅಂಚು.

ಲೆಕ್ಕ ಇಲ್ಲಿದೆ. ಹಾರದ ಒಳ ಅಂಚು ಕತ್ತಿನ ನಡುವಿನಿಂದ 7 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ಹಾರ ಮುಕ್ಕಾಲು ವೃತ್ತ ಸುತ್ತುತ್ತದೆ, ಉಳಿದ ಕಾಲು ಭಾಗ ಬೆನ್ನ ಕಡೆಯ ದಾರ. ಆಗ ಮೊದಲ ಸಾಲಿನ ಉದ್ದ ಸುಮಾರು 33 ಸೆಂ.ಮೀ. 3 ಮಿ.ಮೀ. ದಪ್ಪದ ಕೊಳವೆ ಆದರೆ 110 ಬೇಕು. ಕೊಳವೆಯ ಎತ್ತರ 12 ಮಿ.ಮೀ., ಸಾಲುಗಳ ನಡುವೆ 2 ಮಿ.ಮೀ. ಸಂದು. ಎರಡನೇ ಸಾಲು ಶುರುವಾಗುವುದು 8.4 ಸೆಂ.ಮೀ. ದೂರದಲ್ಲಿ. ಅದರ ಉದ್ದ 39.6 ಸೆಂ.ಮೀ., ಅಂದರೆ 132 ಕೊಳವೆ. ಮೂರನೆಯದಕ್ಕೆ 154. ಪ್ರತಿ ಸಾಲಿಗೂ 22 ಹೆಚ್ಚು. ನೀವು ಬಹುಶಃ ಪ್ರತಿ ಸಾಲಿಗೂ ನಾಲ್ಕೋ ಐದೋ ಮಣಿ ಮಾತ್ರ ಏರಿಸಿದ್ದೀರಿ. ಹೊರ ಅಂಚಿಗೆ ಉದ್ದ ಸಾಲದಿದ್ದರೆ ಅದು ಎಳೆದುಕೊಂಡು ಮೇಲೇಳಲೇಬೇಕು. ಲಂಗ ಹೊಲಿಯುವವರಿಗೆ ಇದು ಗೊತ್ತು, ಘೇರು ಕಡಿಮೆಯಾದರೆ ಬಟ್ಟೆ ಹರಡಿ ಬೀಳುವುದಿಲ್ಲ.

ಒಂದೇ ಸಾಲಿನೊಳಗೂ ಇದೇ ತೊಡಕು ಇದೆ. ಕೊಳವೆಯ ಮೇಲ್ತುದಿಗಿಂತ ಕೆಳತುದಿಯ ಸುತ್ತಳತೆ ದೊಡ್ಡದು. ಈ ಅಳತೆಯಲ್ಲಿ ಸುಮಾರು 5.6 ಸೆಂ.ಮೀ. ವ್ಯತ್ಯಾಸ ಬರುತ್ತದೆ. 110 ಕೊಳವೆಗೆ ಹಂಚಿದರೆ ಒಂದೊಂದಕ್ಕೆ ಅರ್ಧ ಮಿಲಿಮೀಟರು. ಹಾಗಾಗಿ ಕೆಳಗಿನ ದಾರದಲ್ಲಿ ಎರಡು ಕೊಳವೆಗೊಂದರಂತೆ 15/0 ಅಳತೆಯ ಅತಿ ಸಣ್ಣ ಮಣಿ ಸೇರಿಸಿ. ಮೇಲಿನ ದಾರದಲ್ಲಿ ಬೇಡ. ಸಾಲು ತಾನಾಗಿಯೇ ಬಾಗುತ್ತದೆ.

ಈ ಲೆಕ್ಕ ಮೇಜಿನ ಮೇಲೆ ಸಪಾಟಾಗಿ ಹರಡುವ ಹಾರಕ್ಕೆ. ಮನುಷ್ಯರ ಭುಜ ಮೇಜಲ್ಲ, ಇಳಿಜಾರು ಇದೆ. ಆದ್ದರಿಂದ ನಿಜವಾಗಿ ಬೇಕಾದ ಏರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ. ಹಳೆಯ ಪೇಪರಿನಲ್ಲಿ ಹಾರದ ಆಕಾರ ಕತ್ತರಿಸಿ, ಹಾಕಿಕೊಳ್ಳುವವರ ಭುಜದ ಮೇಲೇ ಇಟ್ಟು, ಎಲ್ಲಿ ಉಬ್ಬುತ್ತದೋ ಅಲ್ಲಿ ಮಡಿಕೆ ಹಾಕಿ ಪಿನ್ನು ಚುಚ್ಚಿ. ಆ ಮಾದರಿಯ ಮೇಲೆ ಸಾಲುಗಳ ಗೆರೆ ಎಳೆದು ಅಳೆಯಿರಿ. ಮಣಿ ಕೊಳ್ಳುವ ಮೊದಲೇ ಇದನ್ನು ಮಾಡಿ. ಆಮೇಲೆ ಮಾಡಿದರೆ ಚಿಕ್ಕಪೇಟೆಗೆ ಇನ್ನೊಂದು ಓಡಾಟ ಗ್ಯಾರಂಟಿ, ಅಲ್ಲಿ ಅದೇ ಬಣ್ಣ ಮತ್ತೆ ಸಿಗುವ ಗ್ಯಾರಂಟಿ ಇಲ್ಲ.

ತೂಕದ ವಿಷಯವೂ ಇದೆ. ಇಷ್ಟು ಮಣಿ ಮುಂದೆ ಇದ್ದರೆ ಹಾರ ಮುಂದಕ್ಕೆ ಜಾರುತ್ತದೆ, ಬೆನ್ನ ದಾರ ಕತ್ತು ಕೊಯ್ಯುತ್ತದೆ. ಅದಕ್ಕೇ ಈಜಿಪ್ಟಿನವರು ಬೆನ್ನ ಮೇಲೆ ಒಂದು ಸಮತೂಕದ ತುಂಡನ್ನು ಇಳಿಬಿಡುತ್ತಿದ್ದರು. ಭಾರವಾದ ಹಾರಗಳಿಗೆ ಇದು ಬೇಕೇ ಬೇಕು. ಅಮೆನ್‌ಹೋಟೆಪ್ III ಕಾಲದ, ಅವನ ಅರಮನೆ ಇದ್ದ ಮಲ್ಕಟಾದಲ್ಲಿ ಸಿಕ್ಕಿದ ಮೆನಾತ್ ಹಾರ ನೋಡಿದರೆ ಗೊತ್ತಾಗುತ್ತದೆ. ಮುಂದೆ ಮಣಿಯ ದಪ್ಪ ಗೊಂಚಲು, ಹಿಂದೆ ಉದ್ದನೆಯ ಲೋಹದ ತುಂಡು. ಹಾಥೋರ್ ದೇವಿಯ ಸೇವೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಗಲಗಲ ಅಲ್ಲಾಡಿಸುತ್ತಿದ್ದರು. ನೀವು ಬೆನ್ನಿಗೆ ಮಣಿಯದೇ ಒಂದು ಕಿರುಪಟ್ಟಿ ಹೆಣೆದು, ತುದಿಗೆ ಎರಡು ಹಿತ್ತಾಳೆ ಬಿಲ್ಲೆ ಕಟ್ಟಿದರೂ ಸಾಕು. ಹಾಕಿಕೊಂಡವರಿಗೆ ತಕ್ಷಣ ವ್ಯತ್ಯಾಸ ತಿಳಿಯುತ್ತದೆ.

ದಾರ. ಅವರು ಬಳಸಿದ್ದು ಅಗಸೆ ನಾರಿನದ್ದು, ಲಿನನ್. ಅದು ಚೆಂದ, ಆದರೆ ನೀವು ಮಾರುವ ಹಾರಕ್ಕೆ ಬೇಡ. ಗಾಜಿನ ಕೊಳವೆಮಣಿಯ ಕತ್ತರಿಸಿದ ಅಂಚು ಬ್ಲೇಡಿನಷ್ಟು ಚೂಪು, ಕೆಲವು ತಿಂಗಳಲ್ಲಿ ದಾರ ಕತ್ತರಿಸಿಬಿಡುತ್ತದೆ. ಮೀನಿನ ಗಾಳಕ್ಕೆ ಬಳಸುವ ಜಾತಿಯ ಹೆಣೆದ ದಾರ ತೆಗೆದುಕೊಳ್ಳಿ. ಅದಕ್ಕೂ ಮಿಗಿಲಾಗಿ, ಪ್ರತಿ ಕೊಳವೆಯ ಎರಡೂ ತುದಿಗೆ ಒಂದೊಂದು ದುಂಡು ಸಣ್ಣ ಮಣಿ ಕೊಡಿ. ದಾರ ಚೂಪು ಅಂಚಿಗೆ ತಾಗುವುದೇ ಇಲ್ಲ. ಹಾಗೆ ಮಾಡಿದರೆ ಸಾಲಿನ ಎತ್ತರ ಹೆಚ್ಚುತ್ತದೆ, ಮೇಲಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಬಣ್ಣಕ್ಕೆ ಮ್ಯೂಸಿಯಂ ಫೋಟೋ ನೋಡಿ, ಆದರೆ ಅದೇ ವೇದ ಅಂದುಕೊಳ್ಳಬೇಡಿ. ಗೋರಿಯೊಳಗೆ ಲಿನನ್ ದಾರ ಕೊಳೆತು, ಮಣಿಗಳು ನೆಲಕ್ಕೆ ಉದುರಿರುತ್ತವೆ. ನಾವು ಇವತ್ತು ನೋಡುವ ಎಷ್ಟೋ ಹಾರಗಳು ಅಗೆದವರು ಮತ್ತೆ ಪೋಣಿಸಿದ್ದು. ಒಳ್ಳೆಯ ಕೆಲಸಗಾರರು ಮಣಿ ಬಿದ್ದ ಜಾಗವನ್ನು ಒಂದೊಂದಾಗಿ ಬರೆದಿಟ್ಟುಕೊಂಡರು. ಕಾರ್ಟರ್ ತಂಡ ಬಿಸಿ ಮೇಣ ಸುರಿದು ಮಣಿಗಳನ್ನು ಇದ್ದ ಹಾಗೇ ಹಿಡಿದು ಎತ್ತಿತು. ಗೀಜಾದಲ್ಲಿ 1927ರಲ್ಲಿ ರಾಜ ಖುಫುವಿನ ಕಾಲದ ಹೆಂಗಸೊಬ್ಬಳ ಗೋರಿ ಸಿಕ್ಕಿತು. ಮೈಮೇಲೆ ಸುಮಾರು 7,000 ಮಣಿ ಬಲೆಯ ಚಿತ್ತಾರದಲ್ಲೇ ಬಿದ್ದಿದ್ದವು. ಅದು ಮಣಿಯಲ್ಲೇ ಹೆಣೆದ ಉಡುಪು. ಬಿದ್ದ ಕ್ರಮ ಗೊತ್ತಿದ್ದರಿಂದಲೇ ಅದನ್ನು ಮತ್ತೆ ಕಟ್ಟಲು ಸಾಧ್ಯವಾಯಿತು, ಈಗ ಬೋಸ್ಟನ್ ಮ್ಯೂಸಿಯಂನಲ್ಲಿದೆ. ಎಲ್ಲರೂ ಇಷ್ಟು ತಾಳ್ಮೆಯವರಾಗಿರಲಿಲ್ಲ. ಹಳೆಯ ಸಂಗ್ರಹಗಳಲ್ಲಿ ಬೇರೆ ಬೇರೆ ಗೋರಿಯ ಮಣಿ ಒಂದೇ ಸರದಲ್ಲಿ ಕೂತಿರುವುದೂ ಉಂಟು. ಹಾಗಾಗಿ ಕ್ರಮ ಬೇಕಿದ್ದರೆ ಗೋರಿಯ ಗೋಡೆಚಿತ್ರ ನೋಡಿ. ಅಲ್ಲಿ ಬಣ್ಣದ ಸಾಲುಗಳನ್ನು ಕಲಾವಿದ ಆ ಕಾಲದಲ್ಲೇ ಬರೆದಿದ್ದಾನೆ. ಕಡುನೀಲಿ, ತಿಳಿ ನೀಲಿ-ಹಸಿರು, ಕೆಂಪು, ನಡುವೆ ಚಿನ್ನ. ಅಖೆನಾತನ್‌ನ ಕಾಲಕ್ಕೆ (ಅವನ ರಾಜಧಾನಿಯ ಹೆಸರಿನಿಂದ ಅಮರ್ನಾ ಕಾಲ ಅನ್ನುತ್ತಾರೆ) ಬಂದರೆ ಬಿಳಿ, ಹಳದಿ, ನೇರಳೆ ಸೇರುತ್ತವೆ. ಮಣಿಗಳೇ ತಾವರೆ ದಳ, ಖರ್ಜೂರ, ದ್ರಾಕ್ಷಿ ಗೊಂಚಲಿನ ಆಕಾರ ತಾಳುತ್ತವೆ. ಅವು ನಿಜವಾದ ಹೂವಿನ ಹಾರದ ಅನುಕರಣೆ. ಟುಟಾಂಖಾಮನ್‌ನ ಅಂತ್ಯಸಂಸ್ಕಾರದ ಊಟಕ್ಕೆ ಬಂದವರು ಹಾಕಿಕೊಂಡ ಹೂವು-ಎಲೆಯ ಹಾರಗಳು ಒಂದು ಗುಂಡಿಯಲ್ಲಿ ಹಾಗೇ ಉಳಿದು 1907ರಲ್ಲಿ ಸಿಕ್ಕಿವೆ. ಅವುಗಳ ಎಲೆ-ಹಣ್ಣಿನ ನಡುವೆಯೂ ನೀಲಿ ಫೇಯನ್ಸ್ ಮಣಿ ಇದೆ.

ಸರಿ, ಆ ಫೇಯನ್ಸ್ ಮನೆಯಲ್ಲಿ ಮಾಡಬಹುದಾ? ಅಡುಗೆಮನೆಯಲ್ಲಿ ಆಗದು. ಹೆಸರು ಕೇಳಿ ಜೇಡಿಮಣ್ಣು ಅಂದುಕೊಳ್ಳುತ್ತಾರೆ. ಅದರಲ್ಲಿ ಶೇ 90ಕ್ಕೂ ಹೆಚ್ಚು ಸಿಲಿಕಾ, ಅಂದರೆ ನುಣ್ಣಗೆ ಅರೆದ ಬೆಣಚುಕಲ್ಲು ಅಥವಾ ಮರಳು. ಜೊತೆಗೆ ಸ್ವಲ್ಪ ಸುಣ್ಣ, ಸ್ವಲ್ಪ ಸೋಡಾ (ಸೋಡಿಯಂ ಕ್ಷಾರ), ಬಣ್ಣಕ್ಕೆ ಚಿಟಿಕೆ ತಾಮ್ರ. ನೀರು ಹಾಕಿ ಕಲಸಿದರೆ ಹಿಟ್ಟಿನ ಹಾಗೆ ಬಗ್ಗುವುದಿಲ್ಲ, ಒತ್ತಿದರೆ ಪುಡಿಪುಡಿ ಆಗುತ್ತದೆ. ಹುಲ್ಲುಕಡ್ಡಿ ಅಥವಾ ದಾರದ ಸುತ್ತ ಒತ್ತಿ ಮಣಿ ಮಾಡಿ ಒಣಗಲು ಬಿಡಬೇಕು. ಆಗ ಒಂದು ಸೋಜಿಗ ನಡೆಯುತ್ತದೆ. ನೀರು ಆರುತ್ತಾ ಒಳಗಿನ ಸೋಡಾ ಮತ್ತು ತಾಮ್ರವನ್ನು ಮೇಲ್ಮೈಗೆ ಎಳೆದು ತರುತ್ತದೆ. ಮಣಿಯ ಮೇಲೆ ತೆಳು ಉಪ್ಪಿನ ಪದರ ಕಟ್ಟುತ್ತದೆ. 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟಾಗ ಆ ಪದರ ಕರಗಿ ಸಿಲಿಕಾ ಜೊತೆ ಸೇರಿ ಗಾಜಾಗುತ್ತದೆ. ಬೇರೆ ಹೊಳಪು ಬಳಿಯುವುದೇ ಬೇಡ. ಒಣಗುವಾಗ ಬೆರಳು ತಾಗಿ ಆ ಪದರ ಉದುರಿದರೆ ಅಷ್ಟು ಜಾಗ ಬೋಳಾಗುತ್ತದೆ. ಹಳೆಯ ಮಣಿಗಳಲ್ಲೂ ಅಂಥ ಬೋಳು ಕಲೆ ಕಾಣುತ್ತವೆ. ಇನ್ನೊಂದು ವಿಧಾನವೂ ಇತ್ತು. ಮಣಿಗಳನ್ನು ಹೊಳಪಿನ ಪುಡಿಯಲ್ಲಿ ಹೂತು ಸುಟ್ಟು, ಆರಿದ ಮೇಲೆ ಪುಡಿ ಒಡೆದು ತೆಗೆಯುವುದು. ಇರಾನಿನ ಕೋಮ್ ಊರಿನಲ್ಲಿ ಕತ್ತೆಗಳ ಕೊರಳಿಗೆ ಕಟ್ಟುವ ನೀಲಿ ಮಣಿಯನ್ನು 20ನೇ ಶತಮಾನದಲ್ಲೂ ಹೀಗೆಯೇ ಮಾಡುತ್ತಿದ್ದರು. ಸಂಶೋಧಕರಿಗೆ ಹಳೆಯ ವಿಧಾನ ಅರ್ಥವಾಗಲು ಅದು ದೊಡ್ಡ ಸುಳಿವಾಯಿತು.

ಮನೆಯ ಒವನ್ ಸಾಮಾನ್ಯವಾಗಿ 250 ಡಿಗ್ರಿಗೇ ನಿಲ್ಲುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಕಿಲ್ನ್, ಅಂದರೆ ಮಡಕೆ ಸುಡುವ ವಿದ್ಯುತ್ ಕುಲುಮೆ ಇರುವ ಪಾಟರಿ ಸ್ಟುಡಿಯೋ ಹುಡುಕಿ. ಅವರು ಇದನ್ನು ‘ಈಜಿಪ್ಷಿಯನ್ ಪೇಸ್ಟ್’ ಅನ್ನುತ್ತಾರೆ. ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಏಕೆಂದರೆ ಈ ಮಣಿ ಕರಗಿ ಕಿಲ್ನಿನ ಹಲಗೆಗೆ ಅಂಟುತ್ತದೆ. ಆ ಬಿಸಿಗೆ ಕರಗದ ನಿಕ್ರೋಮ್ ತಂತಿಗೆ ಪೋಣಿಸಿ ತೂಗಿಸಿದರೆ ಅಂಟುವ ಭಯ ಕಡಿಮೆ. ಸಿಲಿಕಾ ಪುಡಿ ಕಲಸುವಾಗ ಮಾಸ್ಕ್ ಹಾಕಲೇಬೇಕು. ಖಂಭಾತ್‌ನವರ ಕಾಯಿಲೆಗೆ ಕಾರಣವಾದ ಧೂಳು ಇದೇ. ಸುಮ್ನೆ ಬಟ್ಟೆ ಮಾಸ್ಕ್ ಅಲ್ಲ, ಧೂಳು ತಡೆಯುವ ಎನ್95. ಸೋಡಾ ಕೈ ಸುಡುತ್ತದೆ, ಗ್ಲೌಸ್ ಬೇಕು. ತಾಮ್ರದ ಪುಡಿ ಮುಟ್ಟಿದ ಪಾತ್ರೆ, ಚಮಚ ಮತ್ತೆ ಅಡುಗೆಗೆ ಬರಬಾರದು. ಚಿಕ್ಕ ಮಕ್ಕಳಿರುವ ಮನೆ ಆದರೆ ಈ ಆಸೆ ಬಿಟ್ಟುಬಿಡಿ. ಅದರ ಬದಲು ಹೊಳಪು ಕಡಿಮೆ ಇರುವ, ಬಣ್ಣ ಅಲ್ಲಲ್ಲಿ ಏರುಪೇರಾದ ನೀಲಿ-ಹಸಿರು ಗಾಜಿನ ಮಣಿ ಕೊಳ್ಳಿ. ಯಂತ್ರದಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿದ, ಕನ್ನಡಿಯ ಹಾಗೆ ಮಿನುಗುವ ಮಣಿ ಹಾಕಿದರೆ ಹಾರ ಪಾರ್ಟಿ ಡ್ರೆಸ್ಸಿನ ಹಾಗೆ ಕಾಣುತ್ತದೆ.

ನಿಮ್ಮತ್ತೆಯವರ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಸತ್ತವರ ಗ್ರಂಥ ಎಂದು ಕರೆಯುವ ಮಂತ್ರಸಂಗ್ರಹದ 158ನೇ ಅಧ್ಯಾಯ, ಹೆಣದ ಕೊರಳಿಗೆ ಇಡುವ ಚಿನ್ನದ ಅಗಲ ಹಾರಕ್ಕೇ ಸಂಬಂಧಿಸಿದ್ದು. ಆದರೆ ಗೋರಿಯಲ್ಲಿ ಸಿಕ್ಕಿದ್ದರಿಂದ ಅದು ಸತ್ತವರ ಒಡವೆ ಮಾತ್ರ ಆಗುವುದಿಲ್ಲ. ಬದುಕಿದ್ದವರ ಮನೆಯಲ್ಲಿದ್ದದ್ದು ಹಾಳಾಯಿತು, ಗೋರಿಯಲ್ಲಿದ್ದದ್ದು ಉಳಿಯಿತು. ಔತಣದ ಚಿತ್ರಗಳಲ್ಲಿ ಹೆಂಗಸರು, ಗಂಡಸರು, ವಾದ್ಯ ನುಡಿಸುವವರು ಎಲ್ಲರ ಕೊರಳಲ್ಲೂ ಇದೇ ಹಾರ. ರಾಜಕುಮಾರಿ ಸಿತ್‌ಹಥೋರ್‌ಯುನೆತ್‌ಳ ಒಡವೆ 1914ರಲ್ಲಿ ಲಹೂನ್‌ನಲ್ಲಿ ಸಿಕ್ಕಿತಲ್ಲ, ಅದರಲ್ಲಿ ಕವಡೆಯ ಆಕಾರದ ಚಿನ್ನದ ಮಣಿಗಳ ಸೊಂಟಪಟ್ಟಿ ಇದೆ. ಕವಡೆಗಳ ಒಳಗೆ ಸಣ್ಣ ಲೋಹದ ಗುಂಡುಗಳಿವೆ. ನಡೆದರೆ ಝಣ್ ಝಣ್ ಅನ್ನಬೇಕು. ನಡೆಯುವವರಿಗೆ ತಾನೇ ಅದು ಬೇಕಾಗುವುದು?

ಅತ್ತೆಯವರನ್ನು ಒಲಿಸಿಕೊಳ್ಳಬೇಕಾದರೆ ಶೆಬ್ಯು ಸರದಿಂದ ಶುರು ಮಾಡಿ. ರಾಜ ಮೆಚ್ಚಿ ಬದುಕಿದ್ದವರಿಗೆ ಇನಾಮಾಗಿ ಕೊಡುತ್ತಿದ್ದ ಸರ ಅದು. ಅಮರ್ನಾದ ಗೋರಿಯ ಗೋಡೆಯ ಮೇಲೆ ಅಖೆನಾತನ್ ಕಿಟಕಿಯಲ್ಲಿ ನಿಂತು ಅಧಿಕಾರಿ ಆಯ್ ಮತ್ತು ಅವನ ಹೆಂಡತಿಗೆ ಇಂಥ ಚಿನ್ನದ ಸರಗಳನ್ನು ಕೊಡುವ ಚಿತ್ರ ಇದೆ. ಮಾಡಲು ಸುಲಭ. ಚಪ್ಪಟೆ ಬಿಲ್ಲೆಮಣಿಗಳನ್ನು ಒತ್ತೊತ್ತಾಗಿ ಪೋಣಿಸಿ, ಎರಡರಿಂದ ನಾಲ್ಕು ಎಳೆ ಒಂದಕ್ಕೊಂದು ತಾಗಿ ಕೂರುವಂತೆ ಕಟ್ಟುವುದು. ನಮ್ಮ ಅವಲಕ್ಕಿ ಸರ ಪೋಣಿಸಿ ಗೊತ್ತಿರುವವರಿಗೆ ಕೈ ತಾನಾಗಿ ಓಡುತ್ತದೆ. ಆ ಚಿನ್ನದ ಮುಖವಾಡದ ಕೊರಳಿಗೂ ಮೂರೆಳೆಯ ಬಿಲ್ಲೆಮಣಿ ಸರ ಇತ್ತು. ಹಳದಿ ಚಿನ್ನ, ಕೆಂಪು ಛಾಯೆಯ ಚಿನ್ನ, ನೀಲಿ ಫೇಯನ್ಸ್. ಬಹಳಷ್ಟು ಫೋಟೋಗಳಲ್ಲಿ ಅದು ಕಾಣುವುದಿಲ್ಲ. ನಿಮ್ಮ ಗ್ರಾಹಕರಿಗೆ ಇದನ್ನು ಹೇಳಿ ನೋಡಿ, ಅಗಲ ಹಾರದ ಜೊತೆ ಇದಕ್ಕೂ ಆರ್ಡರ್ ಕೊಟ್ಟಾರು.

ಕೊನೆಗೆ ಮಮ್ಮಿ ಮಣಿ. ಬೇಡ. ಈಜಿಪ್ಟಿನ ಉತ್ತರಕಾಲದಲ್ಲಿ ಮಮ್ಮಿಯ ಮೇಲೆ ನೀಲಿ ಕೊಳವೆಮಣಿಯ ಬಲೆ ಹೊದಿಸುತ್ತಿದ್ದರು. ಆ ಬಲೆಗಳಿಂದ ಉದುರಿದ ಮಣಿಗಳನ್ನು ಸರ ಮಾಡಿ ಪ್ರವಾಸಿಗಳಿಗೆ ಮಾರುವುದು ಒಂದು ಕಾಲದಲ್ಲಿ ಬಹಿರಂಗ ವ್ಯಾಪಾರವೇ ಆಗಿತ್ತು. 1983ರ 117ನೇ ಕಾನೂನು ಬಂದ ಮೇಲೆ ಈಜಿಪ್ಟಿನಲ್ಲಿ ಪುರಾತನ ವಸ್ತುಗಳ ವ್ಯಾಪಾರ ನಿಷಿದ್ಧ. ಅದಕ್ಕಿಂತ ಮುಂಚೆ ಕಾನೂನುಬದ್ಧವಾಗಿ ಹೊರಬಂದದ್ದು ಅಂತ ತೋರಿಸುವ ಕಾಗದ ಮಾರುವವರ ಬಳಿ ಇರಬೇಕು. ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ. ಇನ್ನು ಹೊಸ ಮಣಿಗೆ ಮಣ್ಣು ಮೆತ್ತಿ ಮೂರು ಸಾವಿರ ವರ್ಷ ಹಳೆಯದು ಅನ್ನುವ ದಂಧೆಯೂ ಇದೆ. ಹಾಗಾಗಿ ಕೊಂಡದ್ದು ನಕಲಿ ಆದರೆ ದುಡ್ಡು ಹೋಯಿತು, ಅಸಲಿ ಆದರೆ ಕಾನೂನಿನ ತಲೆನೋವು ಬಂತು. ಆ ಬಲೆಯ ಚೌಕುಳಿ ವಿನ್ಯಾಸ ಮಾತ್ರ ಯಾರ ಸ್ವತ್ತೂ ಅಲ್ಲ. ಓರೆಯಾಗಿ ನಾಲ್ಕು ಕೊಳವೆ, ಗಂಟಿನ ಜಾಗಕ್ಕೆ ಒಂದು ದುಂಡು ಮಣಿ. ಹೊಸ ಗಾಜಿನಲ್ಲಿ ಅದನ್ನೇ ಹೆಣೆದು ದುಪಟ್ಟಾದ ಅಂಚಿಗೆ ಹೊಲಿದರೆ ಒಳ್ಳೆಯ ಬೆಲೆ ಬರುತ್ತದೆ.